ಕೈಗೆ ಬಂದದ್ದು ಬಾಯಿಗೆ ಬರದ 26 ಕಂತುಗಳು

1998ರ ಜಪಾನಿ ಅನಿಮೇಷನ್ ಸರಣಿ 'ಕೌಬಾಯ್ ಬೀಬಾಪ್'ನ ಮೊದಲ ಕಂತಿನ ಆರಂಭದಲ್ಲೇ ಒಂದು ಅಡುಗೆ ನಡೆಯುತ್ತದೆ. ಬೀಬಾಪ್ ಎಂಬ ಅಂತರಿಕ್ಷ ಹಡಗಿನಲ್ಲಿ ಜೆಟ್ ಬ್ಲ್ಯಾಕ್ ಬಾಣಲೆಯಲ್ಲಿ ದೊಣ್ಣೆಮೆಣಸಿನಕಾಯಿ ಬಾಡಿಸುತ್ತಿದ್ದಾನೆ. ಊಟಕ್ಕೆ ಬಂದ ಜೊತೆಗಾರ ಸ್ಪೈಕ್ ಸ್ಪೀಗಲ್ ತಟ್ಟೆ ಕೆದಕಿ ನೋಡುತ್ತಾನೆ. ದೊಣ್ಣೆಮೆಣಸು-ಬೀಫ್ ಅಂತ ಹೆಸರು, ಆದರೆ ಬೀಫೇ ಇಲ್ಲ. ಹಾಗಾದರೆ ಇದನ್ನು ಹಾಗೆ ಕರೆಯೋದು ಹೇಗೆ ಎಂದು ಅವನ ತಕರಾರು. ಕಾಸಿಲ್ಲದಾಗ ಹಾಗೇ ಕರೀಬೇಕು ಅಂತ ಜೆಟ್‌ನ ಉತ್ತರ. ಅಪರಾಧಿಗಳನ್ನು ಹಿಡಿದುಕೊಟ್ಟು ಬಹುಮಾನ ಪಡೆಯುವುದು ಇವರ ಕಸುಬು. ಹೋದ ಸಲ ಹಿಡಿದುಕೊಟ್ಟವನ ಹಣ ಎಲ್ಲಿ ಹೋಯಿತು? ಸ್ಪೈಕ್ ಜಖಂ ಮಾಡಿದ ವಾಹನಕ್ಕೆ, ಪುಡಿ ಮಾಡಿದ ಅಂಗಡಿಗೆ, ಅವನಿಂದ ಪೆಟ್ಟು ತಿಂದ ಪೊಲೀಸಿನವನ ಆಸ್ಪತ್ರೆ ಖರ್ಚಿಗೆ.

ಒಂದೆರಡು ನಿಮಿಷದ ಈ ಮಾತುಕತೆಯಲ್ಲಿ ಇಡೀ ಸರಣಿಯ ಲೆಕ್ಕಪುಸ್ತಕ ಇದೆ. ಹೆಚ್ಚಿನ ಕಂತುಗಳಲ್ಲಿ ತಲೆಗೆ ಬೆಲೆ ಕಟ್ಟಿದ ಒಬ್ಬ ಅಪರಾಧಿ ಇರುತ್ತಾನೆ, ಅವನನ್ನು ಹಿಡಿಯುವ ಸಾಹಸ ಇರುತ್ತದೆ, ಕೊನೆಗೆ ಹಣ ಮಾತ್ರ ಕೈಸೇರುವುದಿಲ್ಲ. ಮೊದಲ ಸಲ ನೋಡುವವರಿಗೆ ಇದು ಒಂದೇ ತಮಾಷೆಯನ್ನು ಮತ್ತೆ ಮತ್ತೆ ಹೇಳಿದಂತೆ ಕಾಣಬಹುದು. ನಾಲ್ಕೈದು ಕಂತು ಕಳೆದ ಮೇಲೆ 'ಕತೆ ಯಾವಾಗ ಶುರುವಾಗತ್ತೆ' ಎಂದು ಕೇಳಿ ನೋಡುವುದನ್ನು ನಿಲ್ಲಿಸುವವರು ಬಹಳ ಮಂದಿ. ಕತೆ ಆ ಬಾಣಲೆಯ ಹತ್ತಿರವೇ ಶುರುವಾಗಿರುತ್ತದೆ. ಅದು ಯಾವ ರೀತಿ ಹೆಣೆದುಕೊಂಡಿದೆ, ಯಾವ ಕಂತು ಯಾವುದಕ್ಕೆ ತಗಲಿಕೊಂಡಿದೆ, ಯಾವುದನ್ನು ಬಿಟ್ಟರೆ ಏನು ಕಳೆದುಕೊಳ್ಳುತ್ತೀರಿ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ. ಹೇಳುವಾಗ ಕತೆಯ ಕೆಲವು ಗುಟ್ಟುಗಳು ಬಯಲಾಗುತ್ತವೆ. ಅಂತ್ಯದ ವಿಷಯವನ್ನು ಮಾತ್ರ ಆದಷ್ಟು ತಡವಾಗಿ ತೆಗೆಯುತ್ತೇವೆ.

ಕಂತಲ್ಲ, ಸೆಷನ್

ಸರಣಿಯನ್ನು ತಯಾರಿಸಿದ್ದು ಜಪಾನಿನ ಸನ್‌ರೈಸ್ ಸ್ಟುಡಿಯೋ. ನಿರ್ದೇಶಕ ಶಿನ್‌ಇಚಿರೋ ವತನಾಬೆ, ಮುಖ್ಯ ಬರಹಗಾರ್ತಿ ಕೇಕೋ ನೊಬುಮೊಟೊ, ಪಾತ್ರಗಳ ವಿನ್ಯಾಸ ತೊಶಿಹಿರೋ ಕವಾಮೊಟೊ, ಯಂತ್ರಗಳ ವಿನ್ಯಾಸ ಕಿಮಿತೊಶಿ ಯಮಾನೆ, ಸಂಗೀತ ಯೋಕೋ ಕನ್ನೊ. ಶೀರ್ಷಿಕೆಯಲ್ಲಿ ಮೂಲಕತೆಗಾರ ಎಂದು ಬರುವ ಹಾಜಿಮೆ ಯತಾತೆ ಒಬ್ಬ ವ್ಯಕ್ತಿಯಲ್ಲ. ಸನ್‌ರೈಸ್ ಸಿಬ್ಬಂದಿ ಒಟ್ಟಾಗಿ ಬಳಸುವ ಹೆಸರು ಅದು.

ಪ್ರತಿ ಕಂತನ್ನೂ 'ಸೆಷನ್' ಎಂದು ಕರೆಯುತ್ತಾರೆ. ಜಾಝ್ ವಾದಕರು ರಾತ್ರಿ ಸೇರಿ ನುಡಿಸುವ ಬೈಠಕ್ಕಿಗೆ ಇರುವ ಹೆಸರು ಅದು. ಆರಂಭದ ಹಾಡು 'ಟ್ಯಾಂಕ್!' ಬರುವಾಗ ಹಿನ್ನೆಲೆಯಲ್ಲಿ ಇಂಗ್ಲಿಷ್ ಸಾಲುಗಳು ಸರಸರನೆ ಓಡುತ್ತವೆ. ಚಿತ್ರ ನಿಲ್ಲಿಸಿ ಓದಿದರೆ 1941ರ ನ್ಯೂಯಾರ್ಕ್, ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್, ಅಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಜ್ಯಾಮ್ ಸೆಷನ್‌ಗಳ ಪ್ರಸ್ತಾಪ ಸಿಗುತ್ತದೆ. ಬೀಬಾಪ್ ಎಂಬ ಜಾಝ್ ಪ್ರಕಾರ ಮೈದಳೆದದ್ದು ಅಂಥ ಕಡೆಗಳಲ್ಲಿ. ಅದರಲ್ಲಿ ರಾಗದ ಚೌಕಟ್ಟು ಎಲ್ಲರಿಗೂ ಗೊತ್ತಿರುತ್ತದೆ, ಒಬ್ಬೊಬ್ಬರೂ ಸರದಿಯ ಮೇಲೆ ತಮ್ಮ ಮನೋಧರ್ಮ ತೋರಿಸುತ್ತಾರೆ. ನಮ್ಮ ಕಛೇರಿಯಲ್ಲಿ ಪಲ್ಲವಿ ಒಂದೇ ಇದ್ದು ನೆರವಲ್ ಬೇರೆ ಬೇರೆಯಾಗುವ ಹಾಗೆ. ಇಲ್ಲಿ ಪಲ್ಲವಿ ಎಂದರೆ ಬೇಟೆ. ಉಳಿದದ್ದು ಆ ದಿನದ ಕಲಾವಿದನಿಗೆ ಬಿಟ್ಟದ್ದು.

ಸೆಷನ್‌ಗಳ ಹೆಸರಿನಲ್ಲೇ ಬ್ಲೂಸ್, ಬ್ಯಾಲಡ್, ವಾಲ್ಟ್ಸ್, ಎಲಿಜಿ, ಸೆರೆನೇಡ್, ಸಾಂಬಾ, ಫಂಕ್ ಎಂದು ಸಂಗೀತ ಪ್ರಕಾರಗಳು ಬರುತ್ತವೆ. ವತನಾಬೆ ಬೇಕೆಂದು ಹೇಳದೇ ಇದ್ದ ಹಾಡುಗಳನ್ನೂ ಕನ್ನೊ ಮಾಡಿ ಕಳಿಸುತ್ತಿದ್ದರು, ಅವುಗಳನ್ನು ಕೇಳಿ ಅವರು ಹೊಸ ದೃಶ್ಯಗಳನ್ನು ಹೊಳೆಯಿಸಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ದೃಶ್ಯ ಮುಗಿದ ಮೇಲೆ ಸಂಗೀತ ಹಚ್ಚುತ್ತಾರೆ, ಇಲ್ಲಿ ಎಷ್ಟೋ ಕಡೆ ಅದು ತಿರುವುಮುರುವು. ಮಾತಿಲ್ಲದೆ ಎರಡು ಮೂರು ನಿಮಿಷ ಬರೀ ಸಂಗೀತದ ಮೇಲೆ ಸಾಗುವ ದೃಶ್ಯಗಳು ಇಷ್ಟೊಂದು ಇರುವುದಕ್ಕೆ ಅದೂ ಒಂದು ಕಾರಣ.

ಬೇಟೆ ಯಾಕೆ, ಹಣ ಯಾಕಿಲ್ಲ

ಕತೆಯ ಕಾಲ 2071. ಸೌರಮಂಡಲದ ಉದ್ದಗಲಕ್ಕೂ ಗೇಟ್‌ಗಳಿವೆ. ಅವುಗಳ ಮೂಲಕ ನುಗ್ಗಿದರೆ ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗುವುದು ದೊಡ್ಡ ಮಾತಲ್ಲ. ಹೆದ್ದಾರಿಯಲ್ಲಿ ಕಟ್ಟುವ ಹಾಗೆ ಟೋಲ್ ಕಟ್ಟಬೇಕು. 14ನೇ ಸೆಷನ್‌ನ ಕಳ್ಳತನ ನಡೆಯುವುದು ಈ ಟೋಲ್ ವ್ಯವಸ್ಥೆಗೆ ಕನ್ನ ಹಾಕಿಯೇ. 2022ರಲ್ಲಿ ಭೂಮಿಯ ಬಳಿಯ ಗೇಟ್ ಸ್ಫೋಟಿಸಿ ಚಂದ್ರನ ಒಂದು ಭಾಗ ಒಡೆದುಹೋಯಿತು. ಅದರ ಚೂರುಗಳು ಇನ್ನೂ ಭೂಮಿಯ ಮೇಲೆ ಬೀಳುತ್ತಲೇ ಇವೆ. ಅನುಕೂಲ ಇದ್ದವರು ಮಂಗಳ, ಶುಕ್ರ, ಗುರುವಿನ ಉಪಗ್ರಹಗಳಿಗೆ ಹೋಗಿ ನೆಲೆಸಿದರು. ಇಲ್ಲೇ ಉಳಿದವರು ಹೆಚ್ಚಾಗಿ ನೆಲದಡಿಯಲ್ಲಿ ಬದುಕುತ್ತಾರೆ.

ಜನ ಹೀಗೆ ಚೆದುರಿಹೋದಾಗ ಪೊಲೀಸರ ಕೈ ಎಲ್ಲ ಕಡೆಗೂ ಎಟಕುವುದಿಲ್ಲ. ಅದಕ್ಕೇ ಪರವಾನಗಿ ಪಡೆದ ಬೌಂಟಿ ಹಂಟರ್‌ಗಳ ಪದ್ಧತಿ. ಅವರಿಗೆ ಆಡುಮಾತಿನ ಹೆಸರು 'ಕೌಬಾಯ್'. ಬಹುಮಾನ ಸಿಗುವುದು ವೂಲಾಂಗ್ ಎಂಬ ನಾಣ್ಯದಲ್ಲಿ. ಈ ವಾರ ಯಾರ ತಲೆಗೆ ಎಷ್ಟು ಎಂದು ಹೇಳಲು 'ಬಿಗ್ ಶಾಟ್' ಎಂಬ ಟೀವಿ ಕಾರ್ಯಕ್ರಮವಿದೆ, ಪಂಚ್ ಮತ್ತು ಜೂಡಿ ಎಂಬ ಇಬ್ಬರು ಕೌಬಾಯ್ ವೇಷ ಹಾಕಿಕೊಂಡು ಕಿರುಚುತ್ತಾ ನಡೆಸಿಕೊಡುತ್ತಾರೆ. 23ನೇ ಸೆಷನ್ ಹೊತ್ತಿಗೆ ಆ ಕಾರ್ಯಕ್ರಮವೂ ನಿಂತುಹೋಗುತ್ತದೆ. ಈ ಕಸುಬಿಗೇ ಮುಪ್ಪು ಬಂತು ಎಂದು ಯಾವ ಪಾತ್ರವೂ ಬಾಯಿ ಬಿಟ್ಟು ಹೇಳುವುದಿಲ್ಲ, ಟೀವಿ ಹೇಳಿಬಿಡುತ್ತದೆ.

ನಿಯಮ ಸರಳ: ಜೀವಂತ ಹಿಡಿದು ಒಪ್ಪಿಸಬೇಕು. ಸತ್ತವನಿಗೆ ಬೆಲೆಯಿಲ್ಲ. ಕತೆಗಾರರಿಗೆ ಈ ಒಂದು ನಿಯಮ ಚಿನ್ನದ ಗಣಿ. 1ನೇ ಸೆಷನ್‌ನಲ್ಲಿ ಕಣ್ಣಿಗೆ ಹಾಕಿಕೊಳ್ಳುವ ಮಾದಕದ್ರವ್ಯ ಮಾರುವ ಅಸಿಮೋವ್‌ನನ್ನು ಸ್ಪೈಕ್ ಬೆನ್ನಟ್ಟುತ್ತಾನೆ, ತಪ್ಪಿಸಿಕೊಳ್ಳುವ ದಾರಿ ಮುಚ್ಚಿದಾಗ ಅವನಿಗೆ ಗುಂಡು ಹೊಡೆಯುವವಳು ಜೊತೆಗಿದ್ದ ಹೆಂಗಸೇ. 4ರಲ್ಲಿ ಪರಿಸರದ ಹೆಸರಿನಲ್ಲಿ ವೈರಸ್ ಬೆದರಿಕೆ ಹಾಕುವ ಟ್ವಿಂಕಲ್ ಮರಿಯಾ ಮರ್ಡಾಕ್ ಹೆಚ್ಚುಕಡಿಮೆ ತಾನಾಗಿಯೇ ಕೈಗೆ ಸಿಕ್ಕಿಬೀಳುತ್ತಾಳೆ. ಅಷ್ಟರಲ್ಲಿ ಬೆದರಿಕೆಗೆ ಬಗ್ಗಿದ ಸರಕಾರ ಬಹುಮಾನವನ್ನೇ ವಾಪಸು ತೆಗೆದುಕೊಂಡಿರುತ್ತದೆ. 7ರಲ್ಲಿ ಡೆಕ್ಕರ್ ತನ್ನದೇ ಸ್ಫೋಟಕಕ್ಕೆ ಬಲಿ. 9ರಲ್ಲಿ ಅಪರಾಧಿ ಒಂದು ಉಪಗ್ರಹದ ಕಂಪ್ಯೂಟರ್, ಯಂತ್ರಕ್ಕೆ ಯಾರು ಬಹುಮಾನ ಕೊಡುತ್ತಾರೆ? 14ರ ಚದುರಂಗದ ಮಾಂತ್ರಿಕ ಮರೆವಿಗೆ ಸಿಕ್ಕ ಮುದುಕ. 17ರಲ್ಲಿ ಸಿಕ್ಕವನನ್ನು ಹಡಗಿನ ಹ್ಯಾಕರ್ ಹುಡುಗಿ ಎಡ್ ಒಂದು ಚೀಲ ಅಣಬೆಗೆ ಬದಲಾಗಿ ಬಿಟ್ಟುಬಿಡುತ್ತಾಳೆ, ಆಮೇಲೆ ನೋಡಿದರೆ ಅದು ಸಾಮಾನ್ಯ ಅಡುಗೆ ಅಣಬೆ. 23ರಲ್ಲಿ ಲಕ್ಷಾಂತರ ಮಂದಿಗೆ ಗುರುವಾದ ಲೋಂಡೆಸ್ ಆಸ್ಪತ್ರೆಯ ಹಾಸಿಗೆಯ ಮೇಲೆ ಪ್ರಜ್ಞೆಯಿಲ್ಲದೆ ಮಲಗಿರುವ ಹುಡುಗ.

ಇವುಗಳಲ್ಲೆಲ್ಲ ಚೆಂದದ ವ್ಯಂಗ್ಯ 2ನೇ ಸೆಷನ್‌ನದ್ದು. ಅಪರಾಧಿ ಕದ್ದೊಯ್ಯುತ್ತಿದ್ದದ್ದು ಐನ್ ಎಂಬ ಕಾರ್ಗಿ ನಾಯಿ. ಅದು ಪ್ರಯೋಗಾಲಯದಲ್ಲಿ ಬುದ್ಧಿ ಹೆಚ್ಚಿಸಿದ 'ಡೇಟಾ ಡಾಗ್'. ಆ ಅಪರಾಧಿಯ ತಲೆಗಿಂತ ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚು. ಬೇಟೆ ಕೈತಪ್ಪುತ್ತದೆ, ನಾಯಿ ಹಡಗಿಗೆ ಬರುತ್ತದೆ, ಕೊನೆಯವರೆಗೂ ಅದರ ಬೆಲೆ ಯಾರಿಗೂ ಗೊತ್ತಾಗುವುದಿಲ್ಲ. ಹಸಿದ ಮನೆಯಲ್ಲಿ ನಿಧಿ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿರುತ್ತದೆ.

ಹೀಗೆ ಹಣ ತಪ್ಪುವುದರಿಂದ ಎರಡು ಕೆಲಸ ಆಗುತ್ತವೆ. ಒಂದು, ಮುಂದಿನ ಕಂತಿಗೆ ಹಸಿವು ಸಿದ್ಧವಾಗಿರುತ್ತದೆ. ಎರಡು, ಬೇಟೆ ಮುಗಿದ ಮೇಲೆ ಉಳಿಯುವುದೇನು ಎಂಬ ಕಡೆಗೆ ಕಣ್ಣು ಹೊರಳುತ್ತದೆ. ಉಳಿಯುವುದು ಸಾಮಾನ್ಯವಾಗಿ ಒಂದು ವಸ್ತು: ಹಾರ್ಮೋನಿಕಾ, ಕೈಗಡಿಯಾರ, ಚದುರಂಗದ ಕಾಯಿ, ಒಂದು ಟೇಪು. ಆ ವಸ್ತುವಿನ ಹಿಂದೆ ಯಾರದೋ ಕಳೆದುಹೋದ ಕಾಲ ಇರುತ್ತದೆ.

ಐದೇ ಐದು ಕಂತಿನ ಮುಖ್ಯಕತೆ

ಸ್ಪೈಕ್ ಹಿಂದೆ ರೆಡ್ ಡ್ರ್ಯಾಗನ್ ಎಂಬ ಅಪರಾಧಿ ಕೂಟದಲ್ಲಿದ್ದವನು. ಅಲ್ಲಿನ ಹಳೆಯ ಜೊತೆಗಾರ ವಿಷಸ್ ಈಗ ವೈರಿ. ಇಬ್ಬರ ನಡುವೆ ಜೂಲಿಯಾ ಎಂಬವಳು. ಇಡೀ ಸರಣಿಯ ಬೆನ್ನೆಲುಬು ಇದೇ ಎಂದು ಎಲ್ಲರೂ ಹೇಳುತ್ತಾರೆ. ಎಣಿಸಿ ನೋಡಿದರೆ ವಿಷಸ್‌ನ ಕತೆ ನಡೆಯುವುದು 26ರಲ್ಲಿ ಐದು ಕಂತುಗಳಲ್ಲಿ ಮಾತ್ರ: 5, 12, 13, 25, 26. ಜೂಲಿಯಾ ಮಾತಾಡುವುದಂತೂ ಇನ್ನೂ ಕಡಿಮೆ.

5ನೇ ಸೆಷನ್ 'ಬ್ಯಾಲಡ್ ಆಫ್ ಫಾಲನ್ ಏಂಜಲ್ಸ್' ನೋಡಿದವರಿಗೆ ಚರ್ಚಿನ ದೃಶ್ಯ ಮರೆಯುವುದಿಲ್ಲ. ಗುಂಡಿನ ಕಾಳಗ ಮುಗಿದು ಸ್ಪೈಕ್ ಬಣ್ಣದ ಗಾಜಿನ ಕಿಟಕಿ ಒಡೆದುಕೊಂಡು ಹಿಮ್ಮುಖವಾಗಿ ಕೆಳಗೆ ಬೀಳುತ್ತಾನೆ. ಅದೇ ಹೊತ್ತಿಗೆ ಅವನು ಎಸೆದಿದ್ದ ಗ್ರೆನೇಡ್ ಮೇಲೆ ಸಿಡಿಯುತ್ತದೆ. ಬೀಳುವುದಕ್ಕೆ ಬೇಕಾದದ್ದು ಎರಡು ಮೂರು ಸೆಕೆಂಡು. ಚಿತ್ರ ಅದನ್ನು ಮಗುವಿನ ದನಿಯಂಥ ಒಂದು ಹಾಡಿನಷ್ಟು ಎಳೆದು, ನಡುವೆ ಹಳೆಯ ದಿನಗಳ ತುಣುಕುಗಳನ್ನು ತುಂಬುತ್ತದೆ: ಬೆನ್ನಿಗೆ ಬೆನ್ನು ಕೊಟ್ಟು ನಿಂತ ಇಬ್ಬರು ಗೆಳೆಯರು, ರಕ್ತ, ಗಾಯಗೊಂಡು ಮಲಗಿದವನ ಹತ್ತಿರ ಗುನುಗುತ್ತಿರುವ ಹೆಂಗಸು. ಸ್ಪೈಕ್ ಕಣ್ಣು ಬಿಟ್ಟಾಗ ಬೀಬಾಪ್ ಹಡಗಿನ ಸೋಫಾದ ಮೇಲೆ ಮೈತುಂಬ ಬ್ಯಾಂಡೇಜಿನಲ್ಲಿದ್ದಾನೆ, ಪಕ್ಕದಲ್ಲಿ ಹಡಗಿನ ಇನ್ನೊಬ್ಬ ಜೊತೆಗಾರ್ತಿ ಫೇ ವ್ಯಾಲೆಂಟೈನ್ ಏನನ್ನೋ ಗುನುಗುತ್ತಿದ್ದಾಳೆ. ಅವನು ಕಷ್ಟಪಟ್ಟು ಬೆರಳಾಡಿಸಿ ಅವಳನ್ನು ಹತ್ತಿರ ಕರೆದು, ಶ್ರುತಿ ಸರಿಯಿಲ್ಲ ಅಂತ ಉಸಿರುತ್ತಾನೆ. ಅವಳು ದಿಂಬಿನಿಂದ ಮುಖಕ್ಕೆ ಬಾರಿಸಿ ಹೊರಟುಹೋಗುತ್ತಾಳೆ. ಆಗ ಗುನುಗಿದವಳು ಒಬ್ಬಳು, ಈಗ ಗುನುಗುವವಳು ಇನ್ನೊಬ್ಬಳು; ಸ್ಪೈಕ್ ಯಾವ ಕಾಲದಲ್ಲಿ ಬದುಕುತ್ತಿದ್ದಾನೆ ಎಂಬ ಪ್ರಶ್ನೆ ಆ ಗುನುಗಿನಲ್ಲೇ ಇದೆ. ವಿವರಣೆಯ ಒಂದು ಮಾತೂ ಇಲ್ಲ.

ಅವನ ಎರಡು ಕಣ್ಣುಗಳ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುವುದನ್ನೂ ಇಲ್ಲೇ ಹೇಳಬೇಕು. ಮೊದಲಿನಿಂದಲೂ ಹಾಗೇ ಬಿಡಿಸಿದ್ದಾರೆ. ಒಂದು ಕಣ್ಣು ಕೃತಕ ಎಂದು ಅವನೇ ಬಾಯಿಬಿಡುವುದು ಕೊನೆಯ ಸೆಷನ್‌ನಲ್ಲಿ. ಒಂದರಲ್ಲಿ ಹಿಂದಿನದು, ಇನ್ನೊಂದರಲ್ಲಿ ಈಗಿನದು ಕಾಣುತ್ತಿತ್ತು ಎನ್ನುತ್ತಾನೆ. ಎರಡನೇ ಸಲ ನೋಡುವಾಗ ಅವನ ಮುಖ ಹತ್ತಿರದಿಂದ ಬಂದಾಗಲೆಲ್ಲ ಗಮನಿಸಿ.

12 ಮತ್ತು 13 ಸೇರಿ 'ಜೂಪಿಟರ್ ಜಾಝ್'. ಫೇ ತಿಜೋರಿ ಖಾಲಿ ಮಾಡಿ ಓಡಿಹೋಗುತ್ತಾಳೆ, ಜೂಲಿಯಾ ಎಂಬ ಹೆಸರು ಕೇಳಿದ್ದೇ ಸ್ಪೈಕ್ ಕೂಡ ಜೆಟ್‌ನೊಡನೆ ಜಗಳ ಮಾಡಿ ಹೊರಡುತ್ತಾನೆ. ಗುರುವಿನ ಉಪಗ್ರಹ, ಹಿಮ ಸುರಿಯುವ ಕ್ಯಾಲಿಸ್ಟೋದಲ್ಲಿ ಗ್ರೆನ್ ಎಂಬ ಸ್ಯಾಕ್ಸೋಫೋನ್ ವಾದಕ ಸಿಗುತ್ತಾನೆ. ಟೈಟನ್ ಯುದ್ಧದಲ್ಲಿ ವಿಷಸ್‌ನನ್ನು ನಂಬಿ ಕೆಟ್ಟವನು. ಈ ಎರಡನ್ನು ಬೇರೆ ಬೇರೆ ದಿನ ನೋಡಬೇಡಿ. 13ರ ಕೊನೆಗೆ ಎಂದಿನ ಮುಕ್ತಾಯದ ಹಾಡಿನ ಬದಲು ಬೇರೆಯೇ ಒಂದು ರಚನೆ ಬರುತ್ತದೆ, ಅದು ಮುಗಿಯುವ ಮುಂಚೆ ಮುಂದಿನ ಕಂತಿಗೆ ಹಾರಿದರೆ ಗ್ರೆನ್‌ನ ಕತೆಯನ್ನು ಅರ್ಧದಲ್ಲೇ ಬಿಟ್ಟ ಹಾಗೆ.

ಬೀಟಾಮ್ಯಾಕ್ಸ್ ಮತ್ತು ಫೇ

ನಮ್ಮನ್ನು ಕೇಳಿದರೆ ಸರಣಿಯ ನಿಜವಾದ ಮುಖ್ಯಕತೆ ಫೇಯದ್ದು. 3, 15, 18, 24, ಈ ನಾಲ್ಕನ್ನು ಒಂದು ಸರದ ಮಣಿಗಳ ಹಾಗೆ ಪೋಣಿಸಬಹುದು. 3ರಲ್ಲಿ ಅವಳು ಸಾಲಕ್ಕೆ ಸಿಕ್ಕಿ ಜೂಜುಕಟ್ಟೆಯಲ್ಲಿ ಕೈಚಳಕ ತೋರಿಸುವವಳು. 15ರಲ್ಲಿ ತಿಳಿಯುತ್ತದೆ: ಅಪಘಾತದ ನಂತರ 54 ವರ್ಷ ಹೆಪ್ಪುಗಟ್ಟಿಸಿ ಇಟ್ಟಿದ್ದ ದೇಹ ಅವಳದು. ಎಚ್ಚರವಾದಾಗ ನೆನಪಿಲ್ಲ, ಹೆಸರೂ ನಿಜವಾದದ್ದಲ್ಲ, ಆಸ್ಪತ್ರೆಯ ಬಿಲ್ಲು ಮಾತ್ರ ಬೆಳೆದು ನಿಂತಿದೆ. ನಂಬಿದ ಒಬ್ಬನೂ ತನ್ನ ಸಾಲವನ್ನು ಅವಳ ತಲೆಗೇ ಕಟ್ಟಿದ.

18ನೇ ಸೆಷನ್‌ನಲ್ಲಿ ಅವಳ ಹೆಸರಿಗೆ ಒಂದು ಪಾರ್ಸೆಲ್ ಬರುತ್ತದೆ. ಸಾಲ ಕೊಟ್ಟವರು ಪತ್ತೆ ಹಚ್ಚಿದರು ಎಂದುಕೊಂಡು ಅವಳು ಪರಾರಿ. ಜೆಟ್, ಸ್ಪೈಕ್ ಬಿಚ್ಚಿ ನೋಡಿದರೆ ಒಂದು ವಿಡಿಯೋ ಕ್ಯಾಸೆಟ್. ಹಳೆಯ ಎಲೆಕ್ಟ್ರಾನಿಕ್ಸ್ ಹುಚ್ಚಿನ ಅಂಗಡಿಯವನೊಬ್ಬನ ಹತ್ತಿರ ಒಯ್ಯುತ್ತಾರೆ. ಅವನು ಭಕ್ತಿಯಿಂದ ಅದನ್ನು ಹಾಕಿ ಚಾಲೂ ಮಾಡುತ್ತಾನೆ, ಚಿತ್ರ ಕುಣಿಯುತ್ತದೆ, ಸ್ಪೈಕ್ ಯಂತ್ರಕ್ಕೆ ಒದೆಯುತ್ತಾನೆ. ಇದ್ದ ಒಂದು ಪ್ಲೇಯರೂ ಕೆಟ್ಟಿತು. ಇನ್ನೊಂದನ್ನು ಹುಡುಕಿಕೊಂಡು ಇಬ್ಬರೂ ಭೂಮಿಯಲ್ಲಿ ಪಾಳುಬಿದ್ದ ಕಟ್ಟಡದ ತಳಕ್ಕೆ ಇಳಿದು, ನೀರಲ್ಲಿ ನಡೆದು, ಬೆನ್ನ ಮೇಲೆ ಹೊತ್ತು ತರುತ್ತಾರೆ. ತಂದದ್ದು ವಿಎಚ್‌ಎಸ್, ಕ್ಯಾಸೆಟ್ ಬೀಟಾಮ್ಯಾಕ್ಸ್.

ಕ್ಯಾಸೆಟ್ ಕಾಲ ಕಾಣದವರಿಗೆ ಒಂದು ಮಾತು. ಸೋನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದಿತು, ಮರುವರ್ಷ ಜೆವಿಸಿ ವಿಎಚ್‌ಎಸ್ ತಂದಿತು. ಎರಡರಲ್ಲೂ ಅರ್ಧ ಇಂಚು ಅಗಲದ ಟೇಪೇ. ಆದರೆ ಬೀಟಾ ಡಬ್ಬಿ ಚಿಕ್ಕದು, ಉದ್ದ ಸುಮಾರು 156 ಮಿಲಿಮೀಟರ್, ವಿಎಚ್‌ಎಸ್‌ದು 187. ಯಂತ್ರದೊಳಗೆ ಟೇಪು ಸುತ್ತುವ ದಾರಿ, ಓಡುವ ವೇಗ, ಸಂಕೇತ ಬರೆಯುವ ಕ್ರಮ ಎಲ್ಲ ಬೇರೆ. ಆದ್ದರಿಂದ ಒಂದರದ್ದು ಇನ್ನೊಂದರಲ್ಲಿ ಏನು ಮಾಡಿದರೂ ಓಡುವುದಿಲ್ಲ. ಮೊದಲು ಸಿಕ್ಕ ಬೀಟಾಮ್ಯಾಕ್ಸ್ ಒಂದೇ ಕ್ಯಾಸೆಟ್ಟಿನಲ್ಲಿ ಒಂದು ಗಂಟೆಯಷ್ಟೇ ಮುದ್ರಿಸಿಕೊಳ್ಳುತ್ತಿತ್ತು, ವಿಎಚ್‌ಎಸ್ ಎರಡು ಗಂಟೆ. ಸಿನಿಮಾ ಒಂದೇ ಕ್ಯಾಸೆಟ್ಟಿಗೆ ಹಿಡಿಸಿದ್ದು ಮಾರುಕಟ್ಟೆಯನ್ನು ತಿರುಗಿಸಿದ ಕಾರಣಗಳಲ್ಲಿ ಒಂದು. ಜಪಾನಿನಲ್ಲಿ ಆ ಯುದ್ಧವನ್ನು ಕಣ್ಣಾರೆ ಕಂಡಿದ್ದ ಪ್ರೇಕ್ಷಕರಿಗೆ 1998ರಲ್ಲಿ ಈ ಇಡೀ ಪ್ರಸಂಗ ನಗೆಹಬ್ಬ.

ಆ ನಗೆ ಮುಗಿಯುವ ಹೊತ್ತಿಗೆ ಇನ್ನೊಂದು ಪಾರ್ಸೆಲ್ಲಿನಲ್ಲಿ ಬೀಟಾ ಪ್ಲೇಯರ್ ತಾನಾಗಿ ಬಂದು ಬೀಳುತ್ತದೆ. ಫೇ ವಾಪಸು ಬಂದಿದ್ದಾಳೆ. ಟೇಪು ತಿರುಗುತ್ತದೆ. ತೆರೆಯ ಮೇಲೆ ಶಾಲಾ ವಯಸ್ಸಿನ ಫೇ, ಹತ್ತು ವರ್ಷದ ನಂತರದ ತನಗೆಂದೇ ಮುದ್ರಿಸಿಕೊಂಡದ್ದು. ಕೈಯೆತ್ತಿ ಕುಣಿದು ತನ್ನನ್ನು ತಾನೇ ಹುರಿದುಂಬಿಸುತ್ತಾಳೆ. ನೋಡುತ್ತಿರುವ ಫೇಗೆ ಆ ಹುಡುಗಿ ಯಾರೋ ಅಪರಿಚಿತಳು. ನೆನಪು ಮರಳಿ ಬಂತು, ಅತ್ತಳು ಎಂಬ ಸುಲಭದ ದಾರಿ ಕಂತು ಹಿಡಿಯುವುದಿಲ್ಲ. ಅವಳ ಮುಖ ಬರಿದಾಗಿ ನೋಡುತ್ತಿರುತ್ತದೆ, ಅಷ್ಟೆ.

ಟೇಪಿನಲ್ಲಿ ಕಂಡ, ಸಿಂಗಪುರದ ಗುರುತಾದ ಮೆರ್ಲಯನ್ ಕಾರಂಜಿಯ ಸುಳಿವು ಹಿಡಿದು ಅವಳು 24ರಲ್ಲಿ ಭೂಮಿಗೆ ಬರುತ್ತಾಳೆ. ನೆನಪು ಮರಳುತ್ತದೆ, ಮನೆಯಿದ್ದ ಜಾಗಕ್ಕೆ ಓಡುತ್ತಾಳೆ. ಅಲ್ಲಿ ಬರೀ ಅಡಿಪಾಯ. ಕೋಲಿನಿಂದ ನೆಲದ ಮೇಲೆ ತನ್ನ ಹಾಸಿಗೆಯಷ್ಟು ದೊಡ್ಡ ಚೌಕ ಎಳೆದು ಅದರೊಳಗೆ ಮಲಗುತ್ತಾಳೆ. ಇತ್ತ ಎಡ್ ಕೂಡ ಅಪ್ಪನನ್ನು ಹುಡುಕಿಕೊಂಡು ನಾಯಿಯೊಡನೆ ಹೊರಟುಹೋಗುತ್ತಾಳೆ. ಜೆಟ್ ಐವರ ಲೆಕ್ಕದಲ್ಲಿ ಮೊಟ್ಟೆ ಬೇಯಿಸಿಟ್ಟಿರುತ್ತಾನೆ. ಉಳಿದ ಇಬ್ಬರು ಗಂಡಸರು ಒಂದು ಮಾತಾಡದೆ, ತಮ್ಮ ಪಾಲಿನದ್ದೂ ಹೋದವರ ಪಾಲಿನದ್ದೂ ಒಂದರ ಹಿಂದೊಂದು ಬಾಯಿಗೆ ತುರುಕಿಕೊಳ್ಳುತ್ತಾರೆ. 1ನೇ ಸೆಷನ್‌ನಲ್ಲಿ ಬೀಫ್ ಇಲ್ಲದ್ದಕ್ಕೆ ಗೊಣಗಿದವರಿಗೆ ಇಲ್ಲಿ ಊಟ ಜಾಸ್ತಿಯಾಗಿದೆ.

ಜೆಟ್‌ಗೆ 10 ಮತ್ತು 16. ಮೊದಲನೆಯದರಲ್ಲಿ ಬಿಟ್ಟುಹೋದ ಅಲಿಸಾ, ಎರಡನೆಯದರಲ್ಲಿ ಅವನು ಕೈ ಕಳೆದುಕೊಂಡ ರಾತ್ರಿಯ ನಿಜ. 21 ಸ್ವಲ್ಪ ಸಪ್ಪೆ. ಎಡ್‌ಳದು 9, 17, 24.

ಬಿಟ್ಟರೂ ನಡೆಯುವ ಕಂತು ಇದೆಯೇ

'ಫಿಲ್ಲರ್ (ಬರೀ ಜಾಗ ತುಂಬುವ ಕಂತು) ಯಾವುದು, ಬಿಟ್ಟು ನೋಡುತ್ತೇವೆ' ಎನ್ನುವವರು ಕಣ್ಣಿಡುವುದು ಸಾಮಾನ್ಯವಾಗಿ 11ರ ಮೇಲೆ. ಹಡಗಿನೊಳಗೆ ಏನೋ ಒಂದು ಜೀವಿ ಒಬ್ಬೊಬ್ಬರನ್ನೂ ಕಚ್ಚಿ ಮಲಗಿಸುತ್ತದೆ. ಕಾರಣ ಹುಡುಕಿದರೆ, ಒಂದು ವರ್ಷಕ್ಕೂ ಹಿಂದೆ ಸ್ಪೈಕ್ ಹಳೆಯ ಫ್ರಿಜ್ಜಿನಲ್ಲಿ ಬಚ್ಚಿಟ್ಟು ಮರೆತ ಗ್ಯಾನಿಮೀಡ್‌ನ ಲಾಬ್‌ಸ್ಟರ್. ಫ್ರಿಜ್ಜನ್ನೇ ಅಂತರಿಕ್ಷಕ್ಕೆ ಎಸೆಯುತ್ತಾರೆ, ಜೀವಿಯನ್ನು ಎಡ್ ನಿದ್ದೆಗಣ್ಣಲ್ಲಿ ತಿಂದುಬಿಡುತ್ತಾಳೆ. ಮುಖ್ಯಕತೆಗೆ ಇದರಿಂದ ಕೂದಲೂ ಕೊಂಕುವುದಿಲ್ಲ, ನಿಜ. ಆದರೆ ಮುಂದಿನದೇ 12, ಗುಂಪು ಒಡೆಯುವ ಕಂತು. ನಾಲ್ವರೂ ಒಂದೇ ಸೂರಿನಡಿ ಗೋಳಾಡುವುದನ್ನು ನೋಡದೆ ಅದಕ್ಕೆ ಹೋದರೆ ಒಡೆದದ್ದೇನು ಎಂದೇ ಗೊತ್ತಾಗುವುದಿಲ್ಲ. ಹಾಗೆಯೇ 22ರ ಹುಚ್ಚು ಹಾಸ್ಯ: ಕಟ್ಟಡಗಳಿಗೆ ಬಾಂಬಿಡುವ ಟೆಡ್ಡಿ ಬಾಂಬರ್ ತನ್ನ ಸಿದ್ಧಾಂತ ವಿವರಿಸಲು ಬಾಯಿ ತೆರೆದಾಗಲೆಲ್ಲ ಸ್ಪೈಕ್ ಮತ್ತು ಕುದುರೆಯ ಮೇಲೆ ಬರುವ ಆ್ಯಂಡಿ ಜಗಳಕ್ಕೆ ಬೀಳುತ್ತಾರೆ. ಸ್ಪೈಕ್ ಮನಸಾರೆ ಸಿಟ್ಟಾಗುವ ಕೊನೆಯ ಹಗುರ ಕಂತು ಅದು.

19ರಲ್ಲಿ ಇಂಧನ ಮುಗಿದು ಭೂಮಿಗೆ ಬೀಳುತ್ತಿರುವ ಸ್ಪೈಕ್‌ನನ್ನು ಮುದುಕ ಡೂಹನ್ ಕೊಲಂಬಿಯಾ ಶಟಲ್‌ನ ಸರಕುಗೂಡಿನಲ್ಲಿ ಹಿಡಿದು ಇಳಿಸುತ್ತಾನೆ. ಈ ಕಂತು ತಯಾರಾದ ನಾಲ್ಕು ವರ್ಷಕ್ಕೆ, 2003ರ ಫೆಬ್ರವರಿ 1ರಂದು, ನಿಜವಾದ ಕೊಲಂಬಿಯಾ ವಾತಾವರಣ ಹೊಕ್ಕು ಇಳಿಯುವಾಗಲೇ ಒಡೆದುಹೋಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಇಂದು ಆ ದೃಶ್ಯವನ್ನು ನಾವು ನೋಡುವ ರೀತಿಯೇ ಬೇರೆ.

1998ರಲ್ಲಿ ಏನಾಯಿತು

ಸರಣಿಯನ್ನು ತುಂಡು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಅದರ ಮೊದಲ ಪ್ರಸಾರವೇ. ಈ ಯೋಜನೆಗೆ ಮೊದಲು ಹಣ ಹಾಕಿದ್ದು ಬಂದಾಯ್‌ನ ಆಟಿಕೆ ವಿಭಾಗ. ಅಂತರಿಕ್ಷ ನೌಕೆ ಇದ್ದರೆ ಸಾಕು, ಉಳಿದದ್ದು ನಿಮ್ಮಿಷ್ಟ ಎಂದಿತ್ತು. ಆಟಿಕೆ ಮಾರುವ ಸರಕು ಇದಲ್ಲ ಎಂದು ಕಂಡಾಗ ಅದು ಹಿಂದೆ ಸರಿಯಿತು, ಅದೇ ಬಳಗದ ವಿಡಿಯೋ ಕಂಪನಿ ಬಂದಾಯ್ ವಿಶುವಲ್ ಕೈಹಿಡಿಯಿತು. ಆಮೇಲೆ ಟೀವಿ ಟೋಕಿಯೋದಲ್ಲಿ ಸಿಕ್ಕ ಸಮಯ ಶುಕ್ರವಾರ ಸಂಜೆ 6 ಗಂಟೆ, ಮಕ್ಕಳು ಟೀವಿ ಮುಂದೆ ಕೂರುವ ಹೊತ್ತು. ಹಿಂಸೆಯ ಕಾರಣಕ್ಕೆ ಎಲ್ಲವನ್ನೂ ತೋರಿಸುವಂತಿರಲಿಲ್ಲ. ಏಪ್ರಿಲ್ 3ರಿಂದ ಜೂನ್ 26ರವರೆಗೆ 13 ವಾರ. ಬಂದದ್ದು 2, 3, 7ರಿಂದ 15, ಮತ್ತು 18, ಒಟ್ಟು 12 ಸೆಷನ್. ಹದಿಮೂರನೇ ವಾರ 'ಮಿಶ್‌ಮ್ಯಾಶ್ ಬ್ಲೂಸ್' ಎಂಬ, ತುಣುಕುಗಳನ್ನು ಜೋಡಿಸಿದ ವಿಶೇಷ ಕಂತು. ಅದರ ಕೊನೆಗೆ, ಇದು ಅಂತ್ಯವಲ್ಲ, ನಿಜವಾದ ಕೌಬಾಯ್ ಬೀಬಾಪನ್ನು ಒಂದು ದಿನ ನೋಡುತ್ತೀರಿ ಎಂಬ ಅರ್ಥದ ಇಂಗ್ಲಿಷ್ ಸಾಲು. ಅದು ತಯಾರಕರ ಸಿಟ್ಟು ಎನ್ನದೆ ವಿಧಿಯಿಲ್ಲ.

ಆ 12ರ ಪಟ್ಟಿಯನ್ನು ಮೇಲಿನ ಎಳೆಗಳ ಮೇಲೆ ಇಟ್ಟು ನೋಡಿ. ಸ್ಪೈಕ್‌ನ ಐದರಲ್ಲಿ 12, 13 ಮಾತ್ರ ಉಳಿದವು, ತಲೆಯೂ ಇಲ್ಲ ಬಾಲವೂ ಇಲ್ಲ. ಆ ಪ್ರೇಕ್ಷಕರಿಗೆ ವಿಷಸ್ ಎಲ್ಲಿಂದಲೋ ಉದುರಿದವನು. 3ರಲ್ಲಿ ವೈರಿಯಂತಿದ್ದ ಫೇ, 4 ಮತ್ತು 5 ಇಲ್ಲದ ಕಾರಣ, 7ರಲ್ಲಿ ಏಕಾಏಕಿ ಹಡಗಿನವಳೇ ಆಗಿಬಿಟ್ಟಿರುತ್ತಾಳೆ. ಆದರೂ ಅವಳ 3, 15, 18 ಉಳಿದವು. ಆ ವರ್ಷದ ಬೇಸಿಗೆಗೆ ಜಪಾನಿನ ಸಾಮಾನ್ಯ ಟೀವಿ ಪ್ರೇಕ್ಷಕರ ಪಾಲಿಗೆ ಕೌಬಾಯ್ ಬೀಬಾಪ್ ಎಂದರೆ ಹೆಚ್ಚುಕಡಿಮೆ ಫೇಯ ಕತೆ. 26ನ್ನೂ ಕ್ರಮವಾಗಿ ತೋರಿಸಿದ್ದು ವೌವೌ ಎಂಬ ಉಪಗ್ರಹ ವಾಹಿನಿ, 1998ರ ಅಕ್ಟೋಬರ್ 24ರಿಂದ 1999ರ ಏಪ್ರಿಲ್ 24ರವರೆಗೆ.

ಅಮೆರಿಕದಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯ, ದೊಡ್ಡವರಿಗೆಂದೇ ಇರುವ ರಾತ್ರಿ ಪ್ರಸಾರ ಅಡಲ್ಟ್ ಸ್ವಿಮ್ ಶುರುವಾದ ರಾತ್ರಿಯೇ, 2001ರ ಸೆಪ್ಟೆಂಬರ್ 2ರಂದು, ಇದೂ ಶುರುವಾಯಿತು. ಒಂಬತ್ತು ದಿನಕ್ಕೆ ಅವಳಿ ಗೋಪುರಗಳ ಮೇಲೆ ದಾಳಿ. ಮೊದಲ ಸುತ್ತಿನಲ್ಲಿ 6, 8, 22 ತಡೆಹಿಡಿದರು. 8ರಲ್ಲಿ ನೌಕೆಯ ಅಪಹರಣ, 22ರಲ್ಲಿ ಕಟ್ಟಡಗಳ ಸ್ಫೋಟ.

ನೋಡುವ ಕ್ರಮ

ಸಂಖ್ಯೆಯ ಕ್ರಮದಲ್ಲೇ ನೋಡಿ. ಒಂದೊಂದು ಕಂತು ಸುಮಾರು 24 ನಿಮಿಷ, ಒಟ್ಟು ಹತ್ತೂವರೆ ಗಂಟೆಯೊಳಗೆ ಮುಗಿಯುತ್ತದೆ. ಒಂದೇ ರಾತ್ರಿ ಕೂತು ಮುಗಿಸುವ ಆಸೆ ಬೇಡ. ಬೇಟೆ ತಪ್ಪುವ ಪಲ್ಲವಿ ಹತ್ತು ಸಲ ಸಾಲಾಗಿ ಕೇಳಿದರೆ ಬೇಸರ ಬರುತ್ತದೆ, ದಿನಕ್ಕೆ ಎರಡಾದರೆ ರುಚಿ. ಜೋಡಿ ಕಂತುಗಳನ್ನು (12-13, 25-26) ಮಾತ್ರ ಒಟ್ಟಿಗೆ ನೋಡಿ. ಸಾಧ್ಯವಾದರೆ 24ನ್ನೂ 25ರ ಹಿಂದಿನ ದಿನವೇ ಮುಗಿಸಿ, ಒಂದು ರಾತ್ರಿ ಬಿಡುವು ಕೊಡಿ.

2001ರ ಸೆಪ್ಟೆಂಬರ್ 1ರಂದು ಜಪಾನಿನಲ್ಲಿ ಬಿಡುಗಡೆಯಾದ ಚಲನಚಿತ್ರದ ಕತೆ ನಡೆಯುವುದು 22 ಮತ್ತು 23ರ ನಡುವೆ. ಎಲ್ಲ ಮುಗಿದ ಮೇಲೆ ಅದಕ್ಕೆ ಕೈ ಹಾಕುವುದು ಸಾಮಾನ್ಯ ತಪ್ಪು. 26ರ ನಂತರ ನೋಡಿದರೆ ಚೆದುರಿದ ಮನೆಮಂದಿ ಏನೂ ಆಗದವರಂತೆ ನೂಡಲ್ಸ್ ತಿನ್ನುತ್ತಾ ಕಾಣಿಸಿಕೊಂಡು ಅಂತ್ಯದ ಭಾರ ಹಗುರಾಗಿಬಿಡುತ್ತದೆ. 22ರ ನಂತರವೇ ನೋಡುವುದು ಒಳ್ಳೆಯದು.

ಭಾಷೆಯ ವಿಷಯದಲ್ಲಿ ಶುದ್ಧವಾದಿಗಳ ಮಾತು ಪೂರ್ತಿ ಒಪ್ಪಬೇಕಿಲ್ಲ. ಜಪಾನಿ ದನಿಯಲ್ಲಿ ಕೊಯಿಚಿ ಯಮದೆರಾ ಅವರ ಸ್ಪೈಕ್, ಮೆಗುಮಿ ಹಯಾಶಿಬಾರಾ ಅವರ ಫೇ ಅದ್ಭುತ. ಆದರೆ ಸ್ಟೀವ್ ಬ್ಲಮ್ ಸ್ಪೈಕ್ ಆಗಿರುವ ಇಂಗ್ಲಿಷ್ ಡಬ್ಬಿಂಗ್ ಕೂಡ ಡಬ್ಬಿಂಗ್ ಎಂದರೆ ಮೂಗು ಮುರಿಯುವವರನ್ನು ಸುಮ್ಮನಾಗಿಸುವಷ್ಟು ಚೆನ್ನಾಗಿದೆ. ಸಬ್‌ಟೈಟಲ್ ಓದುತ್ತಾ ಚಿತ್ರ ತಪ್ಪಿಸಿಕೊಳ್ಳುವವರು ಅದನ್ನೇ ಹಾಕಿಕೊಳ್ಳಬಹುದು.

2021ರ ನವೆಂಬರ್ 19ರಂದು ನೆಟ್‌ಫ್ಲಿಕ್ಸ್ ನಟರನ್ನು ಹಾಕಿ ತಂದ 10 ಕಂತುಗಳ ರೂಪ ಬೇರೆ. ಡಿಸೆಂಬರ್ 9ಕ್ಕೆ ಅದು ರದ್ದಾದ ಸುದ್ದಿ ಬಂತು, ಬರೀ 20 ದಿನ. ಅಲ್ಲಿ ವಿಷಸ್, ಜೂಲಿಯಾ ಇಬ್ಬರಿಗೂ ಸರಣಿಯುದ್ದಕ್ಕೂ ಸ್ವಂತ ಕತೆ ಕೊಟ್ಟರು. ಮೂಲದಲ್ಲಿ ಜೂಲಿಯಾ ಕಾಡುವುದು ಅವಳು ಕಾಣಿಸುವುದಿಲ್ಲ ಎಂಬ ಕಾರಣಕ್ಕೆ. ವಾರವಾರ ಎದುರಿಗೆ ಕೂತು ಮಾತಾಡುವವಳನ್ನು ಯಾರು ನೆನೆಸಿಕೊಳ್ಳುತ್ತಾರೆ?

ಕೊನೆಯದಾಗಿ ರಿಮೋಟಿನ ವಿಷಯ. ಈಗಿನ ಆ್ಯಪ್‌ಗಳು ಹಾಡು ಶುರುವಾದದ್ದೇ ಮುಂದಿನ ಕಂತಿಗೆ ಜಿಗಿಯುತ್ತವೆ, ಆ ಸೌಲಭ್ಯವನ್ನು ಮೊದಲೇ ಆರಿಸಿಡಿ. ಪ್ರತಿ ಸೆಷನ್ ಕೊನೆಗೆ ಮೂಲೆಯಲ್ಲಿ ಒಂದು ಸಾಲು ಬರುತ್ತದೆ. ಹೆಚ್ಚಾಗಿ ಅದು 'ಸೀ ಯೂ ಸ್ಪೇಸ್ ಕೌಬಾಯ್'. ಫ್ರಿಜ್ಜಿನ ಕಂತಿಗೆ 'ದಿ ಎಂಡ್', 13ಕ್ಕೆ 'ಡು ಯೂ ಹ್ಯಾವ್ ಎ ಕಾಮ್ರೇಡ್?', ಎಡ್ ಹೊರಟುಹೋಗುವ 24ಕ್ಕೆ ಕೌಬಾಯ್ ಜಾಗದಲ್ಲಿ 'ಕೌಗರ್ಲ್', ಎಂದಾದರೂ ಎಲ್ಲಾದರೂ ಸಿಗೋಣ ಎಂದು. 26ರಲ್ಲಿ ಎಂದಿನ ಹಾಡಿನ ಬದಲು ಬೇರೆ ಹಾಡು, ಕ್ಯಾಮರಾ ನಿಧಾನಕ್ಕೆ ಮೆಟ್ಟಿಲಿನಿಂದ ಮೇಲೆ, ಮೋಡ ದಾಟಿ, ಕತ್ತಲ ಆಕಾಶಕ್ಕೆ ಏರುತ್ತದೆ. ಹೆಸರುಗಳು ಓಡಿ ಮುಗಿದ ಮೇಲೆ ಅಲ್ಲಿ ಒಂದು ನಕ್ಷತ್ರ ಮಿನುಗಿ ಆರುತ್ತದೆ. ಆಮೇಲೆ ಸಾಲು ಬರುತ್ತದೆ, ಅದರಲ್ಲಿ ಮತ್ತೆ ಸಿಗೋಣ ಎಂಬ ಮಾತಿಲ್ಲ: ಈ ಭಾರ ಇನ್ನು ನೀನೇ ಹೊರಬೇಕು.